ಗಾಳಿ ಡಬ್ಬಿಯಲ್ಲಿ ಸಿಕ್ಕ ನೀರು

ಹರಳೆಣ್ಣೆ ಸುಟ್ಟ ಹೊಗೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬೇರೆಯವರಿಗೆ ಆ ವಾಸನೆಯಿಂದ ತವರುಮನೆ, ಬಾಣಂತನ, ಎಣ್ಣೆನೀರು ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಮಾವನ ಮೋಟಾರ್ ಸೈಕಲ್ಲು, ಆಗಿನವರ ಬಾಯಲ್ಲಿ ಫಟಫಟಿ. ಆ ಗಾಡಿ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು, ಮಾವನೂ ಹೋದ. ಸಿಟ್ಟು ಮಾತ್ರ ಹೋಗಿಲ್ಲ, ಹೋಗಲಿ ಅಂತ ನಾನೂ ಬಯಸಿಲ್ಲ.

ಕಾಂಗ್ರೆಸ್ಸಿನವರು ಶಿವಪುರದಲ್ಲಿ ಬಾವುಟ ಹಾರಿಸಿದ ವರ್ಷವೇ ನಾನು ಮದ್ದೂರಿನ ಆ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಅತ್ತೆ ಆಗಲೇ ತೀರಿಕೊಂಡಿದ್ದಳು. ಮನೆಯಲ್ಲಿದ್ದವರು ಮಾವ, ಅವನ ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ. ಹಿರಿಯ ಸೊಸೆಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವಳ ತವರು ಮಳವಳ್ಳಿ. ನಾವಿಬ್ಬರೂ ಜಗಳವಾಡುತ್ತಿರಲಿಲ್ಲ ಅಂತಲ್ಲ. ದಿನಾ ಆಡುತ್ತಿದ್ದೆವು, ಆಮೇಲೆ ಗಂಡಸರು ಉಂಡು ಎದ್ದ ಮೇಲೆ ಉಳಿದ ಮುದ್ದೆಯನ್ನು ಒಂದೇ ತಟ್ಟೆಯಲ್ಲಿ ಮುರಿದುಕೊಂಡು ತಿನ್ನುತ್ತಿದ್ದೆವು.

ಮಾವನ ವ್ಯಾಪಾರ ಇದ್ದಿಲಿನದು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ನಮ್ಮ ಕಡೆಯ ಬಸ್ಸುಗಳೆಲ್ಲ ಹಿಂದೆ ದೊಡ್ಡದೊಂದು ಪೀಪಾಯಿ ಕಟ್ಟಿಕೊಂಡು ಇದ್ದಿಲು ಸುಟ್ಟು ಓಡತೊಡಗಿದವು. ಮಳವಳ್ಳಿಯಾಚೆ ಕಾಡಂಚಿನಲ್ಲಿ ಮಾವನ ಇದ್ದಿಲು ಗೂಡುಗಳಿದ್ದವು. ಲೋಕಕ್ಕೆಲ್ಲ ಯುದ್ಧ ಬಂದರೆ ನಮ್ಮ ಮಾವನಿಗೆ ಸುಗ್ಗಿ ಬಂತು. ಬಸ್ಸಿನವರಿಗೆ ಇದ್ದಿಲು ಕೊಟ್ಟು, ಬಸ್ಸು ಚಾಲೂ ಮಾಡಲು ಅವರಿಗೆ ಅಳೆದು ಕೊಡುತ್ತಿದ್ದ ಚೂರು ಪೆಟ್ರೋಲನ್ನೇ ಕದ್ದುಮುಚ್ಚಿ ಪಡೆದು, ತಾನು ಮಾತ್ರ ಫಟಫಟಿಯಲ್ಲಿ ಓಡಾಡುತ್ತಿದ್ದ. ಕಾಲುವೆ ಕೆಲಸಕ್ಕೆ ಬಂದಿದ್ದ ಬಿಳಿ ದೊರೆಯೊಬ್ಬ ಊರು ಬಿಡುವಾಗ ಮಾರಿಹೋದ ಗಾಡಿ ಅದು. ಮದ್ದೂರಿನಿಂದ ಮಳವಳ್ಳಿಯವರೆಗೆ ಅಂಥದ್ದು ಇನ್ನೊಂದಿಲ್ಲ ಅಂತ ಮಾವನೇ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ.

ಇದ್ದಿಲು ಮಾರುವವನಾದರೂ ಅವನು ಉಡುತ್ತಿದ್ದುದು ಅಚ್ಚಬಿಳಿ ಪಂಚೆ. ಒಗೆದು ಗಂಜಿ ಹಾಕುವವರು ನಾವು. ಫಟಫಟಿಗೆ ಆ ಪಂಚೆಯ ಮೇಲೆ ಏನೋ ಹಗೆ. ಎಂಜಿನ್ನಿನ ಹೊಟ್ಟೆಯೊಳಗಿನ ಗಾಳಿ ಹೊರಕ್ಕೆ ಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ. ಗಾಳಿಯ ಜೊತೆಗೆ ಒಳಗಿನ ಎಣ್ಣೆಯೂ ತುಂತುರಾಗಿ ಬರುತ್ತದೆ. ಆ ತುಂತುರು ಸರಿಯಾಗಿ ಮಾವನ ಎಡಗಾಲಿನ ಮೇಲೆ ಬೀಳುತ್ತಿತ್ತು. ಕಲೆ ಹೋಗಲಿಲ್ಲ ಅಂತ ಅವನು ಒದ್ದೆ ಪಂಚೆಯನ್ನು ಅಕ್ಕನ ಮುಖಕ್ಕೆ ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಾಡಿ ನೋಡಿಕೊಳ್ಳಲು ಮಂಡ್ಯದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬಾಯಿಬಡುಕ, ಆದರೆ ಕೆಲಸಗಾರ. ಗಾಡಿ ಗಾಳಿ ಎಳೆದುಕೊಳ್ಳುವ ಬಾಯಿಗೆ ಅವನೊಂದು ತಗಡಿನ ಡಬ್ಬಿ ಕೂರಿಸಿ, ಅದರೊಳಗೆ ತೆಂಗಿನ ನಾರು ತುರುಕಿದ್ದ. ರಸ್ತೆಯ ಧೂಳು, ಇದ್ದಿಲ ಪುಡಿ ಎಲ್ಲ ನಾರಿನಲ್ಲೇ ನಿಂತು ಶುದ್ಧ ಗಾಳಿ ಮಾತ್ರ ಎಂಜಿನ್ನಿಗೆ ಹೋಗಲಿ ಅಂತ. ಅದಕ್ಕೆ ಮನೆಯಲ್ಲಿ ಗಾಳಿ ಡಬ್ಬಿ ಅನ್ನುತ್ತಿದ್ದೆವು. ಪಂಚೆಯ ಗೋಳು ಕೇಳಿದ ಮೆಕ್ಯಾನಿಕ್ ಎಣ್ಣೆ ಉಗುಳುವ ಕೊಳವೆಗೆ ಒಂದು ರಬ್ಬರು ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಈ ಡಬ್ಬಿಯೊಳಕ್ಕೇ ತೂರಿಸಿದ. “ನಾರು ವಸಿ ಎಣ್ಣೆ ಕುಡುದ್ರೆ ಧೂಳ್ನ ಇನ್ನೂ ಚೆಂದಾಗಿ ಇಡ್ಕತದೆ ಬುಡಿ” ಅಂದ. ಪಂಚೆ ಬಿಳಿಯಾಗಿಯೇ ಉಳಿಯಿತು. ವಾರಕ್ಕೊಮ್ಮೆ ಡಬ್ಬಿ ಬಿಚ್ಚಿ ಆ ನಾರನ್ನು ಬೂದಿ, ಅಂಟುವಾಳ ಹಾಕಿ ತೊಳೆದು ಹೆಂಚಿನ ಮೇಲೆ ಒಣಹಾಕುವ ಕೆಲಸ ನನ್ನ ಪಾಲಿಗೆ ಬಂತು. ಗಂಡನ ಮನೆಯಲ್ಲಿ ಏನೇನು ಕೆಲಸ ಕಾದಿರುತ್ತದೆ ಅಂತ ನಮ್ಮವ್ವ ಹೇಳಿ ಕಳಿಸಿದ್ದಳು. ಇದೊಂದನ್ನು ಹೇಳಿರಲಿಲ್ಲ.

ಪೆಟ್ರೋಲಿಗೆ ದಾರಿ ಹುಡುಕಿಕೊಂಡ ಮಾವನಿಗೆ ಎಂಜಿನ್ನಿನ ಎಣ್ಣೆಗೆ ದಾರಿ ಸಿಗಲಿಲ್ಲ. ಇದ್ದಬದ್ದ ಎಣ್ಣೆಯೆಲ್ಲ ಪಟಾಲಮ್ಮಿನ, ಅಂದರೆ ಮಿಲಿಟರಿಯ, ಲಾರಿಗಳಿಗೆ ಹೋಗುತ್ತಿತ್ತು. ಹರಳೆಣ್ಣೆ ಆಗುತ್ತದೆ, ವಿಮಾನಕ್ಕೇ ಹಾಕುತ್ತಾರಂತೆ, ಫಟಫಟಿ ಯಾವ ಲೆಕ್ಕ ಅಂತ ಮೆಕ್ಯಾನಿಕ್ ಹೇಳಿದ. ವಿಮಾನದ ಮಾತು ಮಾವನಿಗೆ ಬಹಳ ಹಿಡಿಸಿತು. ಅವತ್ತಿನಿಂದ ಮನೆಯ ಹರಳೆಲ್ಲ ಫಟಫಟಿಗೆ ಮೀಸಲಾಯಿತು. ಸೀಮೆಎಣ್ಣೆಯೂ ಕಂಟ್ರೋಲಿಗೆ ಹೋಗಿದ್ದ ಕಾಲ. ದೀಪಕ್ಕೆ ಹರಳೆಣ್ಣೆ, ತಲೆಗೆ ಹರಳೆಣ್ಣೆ, ಮಕ್ಕಳ ಹೊಟ್ಟೆನೋವಿಗೂ ಅದೇ. ಎಣ್ಣೆ ಇಲ್ಲದವರು ಕತ್ತಲಲ್ಲೇ ಉಂಡು ಮಲಗುತ್ತಿದ್ದರು. ನಾವು ಮಡಕೆ ತುಂಬ ಎಣ್ಣೆ ಇಟ್ಟುಕೊಂಡು ಕತ್ತಲಲ್ಲಿ ಉಣ್ಣುತ್ತಿದ್ದೆವು. ಅಕ್ಕನ ಮಗಳಿಗೆ ಆಗ ಮೂರು ತುಂಬಿತ್ತು. ಮನೆಗೆ ಅದೊಂದೇ ಮಗು. ಅದರ ನೆತ್ತಿಗೆ ಒಂದು ತೊಟ್ಟು ಎಣ್ಣೆ ಹಾಕಬೇಕಾದರೂ ಮಾವನನ್ನು ಕೇಳಬೇಕಿತ್ತು. ಒಂದು ಸಲ ಅಕ್ಕ ಕೇಳಿದಳು. “ಮಗೀಗೆ ನಾಳೆ ಆಕು. ಗಾಡಿ ಇವತ್ತು ಮಳವಳ್ಳಿಗೋಗ್ಬೇಕು” ಅಂದ.

ಹರಳೆಣ್ಣೆ ತೆಗೆಯುವುದು ಸಣ್ಣ ಕೆಲಸವಲ್ಲ. ಹರಳು ಹುರಿಯಬೇಕು, ಒರಳಲ್ಲಿ ಹಾಕಿ ಕುಟ್ಟಬೇಕು, ಹಂಡೆಯ ನೀರಿಗೆ ಸುರಿದು ಕುದಿಸಬೇಕು. ಎಣ್ಣೆ ಮೇಲೆ ತೇಲುತ್ತದೆ. ಅದನ್ನು ತೆಂಗಿನ ಚಿಪ್ಪಿನಲ್ಲಿ ಮೆಲ್ಲಗೆ ತೆಗೆದು ಬಾಣಲೆಗೆ ಹಾಕಿ, ಜೊತೆಗೆ ಬಂದ ನೀರು ಆರಿಹೋಗುವವರೆಗೆ ಮತ್ತೆ ಕಾಯಿಸಬೇಕು. ನೀರಿರುವವರೆಗೆ ಚಟಚಟ ಅನ್ನುತ್ತದೆ, ನೀರು ಹೋದ ಮೇಲೆ ಸುಮ್ಮನಾಗುತ್ತದೆ. ಅಷ್ಟಾದರೂ ಅಕ್ಕ ನಂಬುತ್ತಿರಲಿಲ್ಲ. ಹತ್ತಿಯ ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿ ನೋಡುವಳು. ಬತ್ತಿ ಸದ್ದಿಲ್ಲದೆ ಉರಿದರೆ ಎಣ್ಣೆ ಸರಿ. ಒಂದು ಕಿಡಿ ಸಿಡಿದರೂ ಬಾಣಲೆ ಮತ್ತೆ ಒಲೆಯ ಮೇಲೆ. ನಮ್ಮ ಕಡೆ ಹೆಂಗಸರೆಲ್ಲ ಎಣ್ಣೆಯನ್ನು ಹೀಗೇ ನೋಡುವುದು, ಕೊಳ್ಳುವಾಗಲೂ ಹೀಗೇ. “ಬತ್ತಿ ಮುಂದೆ ಯಾರ ಆಟಾನೂ ನಡ್ಯಕ್ಕಿಲ್ಲ ಕಣಮ್ಮಿ” ಅನ್ನುತ್ತಿದ್ದಳು ಅಕ್ಕ. ಪಾಪ, ಅವಳಿಗೆ ಬತ್ತಿಯ ಮೇಲೆ ಅಷ್ಟು ನಂಬಿಕೆ.

ಒಂದು ದಿನ ಮಾವ ನಿಡಘಟ್ಟದ ಹತ್ತಿರ ಕೆಟ್ಟು ನಿಂತಿದ್ದ ಪಟಾಲಮ್ಮಿನ ಲಾರಿಯವನಿಂದ ಹಸಿರು ಬಣ್ಣದ ಟಿನ್ನಿನ ತುಂಬ ಎಂಜಿನ್ ಎಣ್ಣೆ ಗಿಟ್ಟಿಸಿಕೊಂಡು ಬಂದ. ಯುದ್ಧವನ್ನೇ ಗೆದ್ದು ಬಂದವನ ಹಾಗೆ ಅಂಗಳದಲ್ಲಿ ಕೂತು ಕೈಯಾರೆ ಗಾಡಿಗೆ ಸುರಿದ. ಒಳಗಿದ್ದ ಹರಳೆಣ್ಣೆಯನ್ನು ಬಸಿಯಲಿಲ್ಲ, ಅದರ ಮೇಲೇ ಸುರಿದ. ಖಾಲಿ ಟಿನ್ನನ್ನು ನಮಗೆ ಕೊಟ್ಟ. ನಾವು ಅದನ್ನು ಬಚ್ಚಲಿನಲ್ಲಿಟ್ಟು ನೀರು ಮೊಗೆದುಕೊಂಡೆವು. ಆ ಎಣ್ಣೆ ತೀರುತ್ತ ಬಂದಂತೆ ಮತ್ತೆ ನಮ್ಮ ಹರಳೆಣ್ಣೆಯನ್ನೇ ಅದರ ಮೇಲೆ ತುಂಬಿಸುತ್ತ ಹೋದ.

ಕಾರ್ತಿಕದ ಚಳಿ ಹಿಡಿಯುವ ಹೊತ್ತಿಗೆ ಫಟಫಟಿ ಹೊಗೆ ಉಗುಳಲು ಶುರುಮಾಡಿತು. ಗಾಡಿ ಎಲ್ಲಿದೆ ಅನ್ನುವುದು ವಾಸನೆಯಿಂದಲೇ ಬೀದಿಗೆಲ್ಲ ತಿಳಿಯುತ್ತಿತ್ತು. ವಾರಕ್ಕೊಮ್ಮೆ ಬಿಚ್ಚುತ್ತಿದ್ದ ಗಾಳಿ ಡಬ್ಬಿ ದಿನಕ್ಕೊಮ್ಮೆ ಬಿಚ್ಚುವಂತಾಯಿತು. ನಾರು ಎಣ್ಣೆ ಕುಡಿದು ಒದ್ದೆ ಕಂಬಳಿಯಷ್ಟು ಭಾರವಾಗಿರುತ್ತಿತ್ತು. ಡಬ್ಬಿಯ ತಳದಲ್ಲಿ ಬೆಳ್ಳಗೆ ಗಂಜಿಯಂಥದ್ದೊಂದು ನಿಲ್ಲುತ್ತಿತ್ತು. ನಾನು ಅದನ್ನು ಬೂದಿಯಿಂದ ಉಜ್ಜಿ ಉಜ್ಜಿ ಸಾಕಾಗಿ, ಈ ಗಾಡಿ ಹಾಳಾಗಿ ಹೋಗಲಿ ಅಂತ ಶಪಿಸುತ್ತಿದ್ದೆ.

ಶಾಪ ತಟ್ಟಿತು, ತಟ್ಟಬೇಕಾದವರಿಗಲ್ಲ. ಒಂದು ಮಧ್ಯಾಹ್ನ ಮಳವಳ್ಳಿ ರಸ್ತೆಯಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತೇಹೋಯಿತು. ಗಾಳಿ ಎಳೆದುಕೊಳ್ಳುವ ಬಾಯಿಗೆ ಎಣ್ಣೆಯೇ ಹೋದರೆ ಅದೇನು ಮಾಡುತ್ತದೆ. ಹಿಂದಿನಿಂದ ಮಾವನ ಇದ್ದಿಲು ಉರಿಸುವ ಬಸ್ಸೇ ಬಂತು. ಅದರೊಳಗೆ ಅವನ ಗೂಡಿನ ಆಳುಗಳೇ ಕೂತಿದ್ದರು. ಡ್ರೈವರು ಗಾಡಿಯನ್ನು ಬಸ್ಸಿನ ಮೇಲೆ ಏರಿಸಿ, ಮಾವನನ್ನು ಇದ್ದಿಲ ಮೂಟೆಗಳ ನಡುವೆ ಕೂರಿಸಿಕೊಂಡು ಬಂದ. ಬಸ್ಸಿನಲ್ಲಿ ಯಾರೋ ಒಬ್ಬ, “ಗೌಡ್ರ ಇಮಾನ ಬಸ್ ಮೇಲೆ ಆರ್ತಾ ಅದೆ” ಅಂದನಂತೆ. ಎಲ್ಲರೂ ನಕ್ಕರಂತೆ. ಮಾವ ಮದ್ದೂರಿನಲ್ಲಿ ಇಳಿದಾಗ ಪಂಚೆ ತೊಡೆಯವರೆಗೂ ಕಪ್ಪಾಗಿತ್ತು.

ಮಾರನೆಯ ದಿನ ಬೆಳಗ್ಗೆ ಮಾವ ಫಟಫಟಿಯನ್ನು ಎತ್ತಿನ ಗಾಡಿಗೆ ಏರಿಸಿ, ಹಿರಿಯ ಮಗನನ್ನು ಕರೆದುಕೊಂಡು ಮಂಡ್ಯಕ್ಕೆ ಹೋದ. ಹಿರಿಯ ಮಗ ಅಂದರೆ ಅಕ್ಕನ ಗಂಡ, ನನ್ನ ಭಾವ. ಸಂಜೆ ಇಬ್ಬರೂ ಗಾಡಿಯನ್ನು ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟು ಬಂದರು. ಗಾಳಿ ಡಬ್ಬಿಯನ್ನು ಮಾತ್ರ ಬಾಳೆಎಲೆಯಲ್ಲಿ ಸುತ್ತಿ ತಂದಿದ್ದರು. ತೊಳೆಯಲು ಇರಬೇಕು ಅಂತ ನಾನು ಕೈ ಚಾಚಿದೆ. “ಮುಟ್ಬ್ಯಾಡ” ಅಂದ ಮಾವ.

ಬೆಳಗಾಗುತ್ತಲೇ ಜಗಲಿಯ ಮೇಲೆ ಬೀದಿಯ ಹಿರಿಯರು ಬಂದು ಕೂತಿದ್ದರು. ಹೇಳಿಕಳಿಸಿ ಕರೆಸಿದ್ದು. ಹೆಂಗಸರು ಬೀದಿಯಲ್ಲಿ ನಿಂತಿದ್ದರು. ಮಾವ ಡಬ್ಬಿಯನ್ನು ನಡುವೆ ಇಟ್ಟು ಮುಚ್ಚಳ ತೆಗೆದ.

“ನೋಡ್ರಪ್ಪ, ನನ್ ಮನೇಲಿ ಒಬ್ಳು ಕಳ್ಳಿ ಅವ್ಳೆ. ನನ್ ಬಾಯಲ್ಲಿ ನಾನ್ ಯೋಳಾಕಿಲ್ಲ. ಬತ್ತೀನೇ ಯೋಳ್ಲಿ.”

ಅಕ್ಕನನ್ನು ಕರೆದು ಅಡುಗೆಮನೆಯ ಎಣ್ಣೆ ಮಡಕೆ ತರಿಸಿದ. ಒಂದು ಬತ್ತಿಯನ್ನು ಅದರಲ್ಲಿ ಅದ್ದಿ ಹಚ್ಚಿದ. ಸದ್ದಿಲ್ಲದೆ ಉರಿಯಿತು. ಅಕ್ಕನ ಮುಖದಲ್ಲಿ ಸಮಾಧಾನ ಮೂಡಿದ್ದನ್ನು ನಾನು ನೋಡಿದೆ. ಮಾವ ಇನ್ನೊಂದು ಬತ್ತಿ ತೆಗೆದುಕೊಂಡು ಗಾಳಿ ಡಬ್ಬಿಯ ತಳದ ಆ ಬೆಳ್ಳನೆಯ ಎಣ್ಣೆಯಲ್ಲಿ ಅದ್ದಿ ಹಚ್ಚಿದ. ಬತ್ತಿ ಚಟಚಟ ಸಿಡಿಯಿತು. ಕಿಡಿ ಹಾರಿ ಮುಂದೆ ಕೂತಿದ್ದವರೊಬ್ಬರು ಕಾಲು ಹಿಂದಕ್ಕೆ ಎಳೆದುಕೊಂಡರು. ಮತ್ತೆ ಹಚ್ಚಿದ, ಮತ್ತೆ ಸಿಡಿದು ಆರಿತು. ಹೆಂಗಸರ ನಡುವೆ ಗುಸುಗುಸು ಎದ್ದಿತು. ಅವರೆಲ್ಲ ಹುಟ್ಟಿದಾಗಿನಿಂದ ಬತ್ತಿ ನೋಡಿದವರೇ.

“ತೋರ್ಸಕ್ಕೆ ಒಂದ್ ಎಣ್ಣೆ, ಗಾಡಿಗೆ ಒಂದ್ ಎಣ್ಣೆ” ಅಂದ ಮಾವ. “ಒಳ್ಳೇದು ಮಳವಳ್ಳಿಗೋಯ್ತು, ನೀರು ನನ್ ಗಾಡಿಗ್ ಬಂತು. ಅವ್ರಪ್ಪನ ಮನೇಲಿ ಸಂಜೆ ಆದ್ರೆ ದೀಪ ಉರೀತದೆ, ನಮ್ಮನೇಲಿ ಉರ್ಯಕ್ಕಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತಲ್ಲ.”

“ನಾನು ನೀರಾಕಿಲ್ಲ ಮಾವ” ಅಂದಳು ಅಕ್ಕ. “ನಿಮ್ ಕಣ್ಮುಂದೇನೇ ಕಾಸಿದ್ದೀನಿ. ಬೇಕಾದ್ರೆ ಮಗೀನ್ ತಲೆ ಮೇಲೆ ಕೈ ಮಡಗಿ ಯೋಳ್ತೀನಿ.”

ಮಗು ಬಾಗಿಲ ಹತ್ತಿರ ನಿಂತಿತ್ತು. ಅಕ್ಕ ಅದರ ಕಡೆಗೆ ಎರಡು ಹೆಜ್ಜೆ ಇಟ್ಟಳು. ಮಾವ ಎದ್ದು ಮಗುವನ್ನು ಎತ್ತಿಕೊಂಡು ತನ್ನ ತೊಡೆಯ ಮೇಲೆ ಕೂರಿಸಿಕೊಂಡ.

“ಕದ್ದ ಕೈ ನನ್ ಮೊಮ್ಮಗೀನ್ ತಲೆ ಮೇಲೆ ಬೀಳ್ಬಾರ್ದು.”

ಅಕ್ಕ ಗಂಡನ ಕಡೆ ನೋಡಿದಳು. ಭಾವ ಕಂಬಕ್ಕೆ ಒರಗಿಕೊಂಡು ಪಂಚೆಯ ಅಂಚು ತಿರುಚುತ್ತಿದ್ದ. ತಲೆ ಎತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಅರಳು ಕುಟ್ಟಿದ್ದು ನಾನೂವೆ. ಅಕ್ಕ ಕಳ್ಳಿ ಆದ್ರೆ ನಾನೂ ಕಳ್ಳಿ. ಇಬ್ರನ್ನೂ ಕಳಿಸಿ” ಅಂದೆ. ಗಂಡಸರು ಕೂತ ಜಗಲಿಯಲ್ಲಿ ಸೊಸೆ ಬಾಯಿ ತೆಗೆದದ್ದು ಆ ಬೀದಿಯಲ್ಲಿ ಅದೇ ಮೊದಲಿರಬೇಕು. ಮಾವ ನನ್ನನ್ನು ನೋಡಲೂ ಇಲ್ಲ. “ಕಿರೀವ್ನೆ, ನಿನ್ ಎಡ್ತೀನ ಒಳಿಕ್ ಕರ್ಕೊಂಡೋಗು” ಅಂದ. ನನ್ನ ಗಂಡ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡು ಹೋಗಿ ಕೋಣೆಗೆ ಅಗುಳಿ ಹಾಕಿದ. ಅವನ ಮೇಲಿನ ಕೋಪ ಆಮೇಲೆ ಎಷ್ಟೋ ತಣ್ಣಗಾಯಿತು, ಆದರೆ ಆ ಅಗುಳಿಯ ಸದ್ದನ್ನು ನಾನು ಕ್ಷಮಿಸಿಲ್ಲ.

ಅಕ್ಕನನ್ನು ಅವತ್ತೇ ಮಳವಳ್ಳಿಯ ಬಸ್ಸಿಗೆ ಹತ್ತಿಸಿದರು. ಮಾವನ ಇದ್ದಿಲು ಉರಿಸಿಕೊಂಡು ಓಡುವ ಬಸ್ಸಿಗೆ. ಮಗುವನ್ನು ಕೊಡಲಿಲ್ಲ. “ಮಗು ನಮ್ದು” ಅಂದರು, ಅಷ್ಟೇ. ಕೋಣೆಯ ಕಿಟಕಿಯಿಂದ ನನಗೆ ಕಂಡದ್ದು ಅವಳ ಬೆನ್ನು ಮತ್ತು ಕಂಕುಳಲ್ಲಿದ್ದ ಬಟ್ಟೆಗಂಟು. ಬಸ್ಸಿನ ಪೀಪಾಯಿಗೆ ಬೆಂಕಿ ಹಿಡಿದು ಹೊರಡಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಅವಳು ಬೀದಿಯಲ್ಲಿ ನಿಂತೇ ಇದ್ದಳಂತೆ, ಯಾರೂ ಮಾತಾಡಿಸಲಿಲ್ಲವಂತೆ.

ಕೆಲವು ದಿನ ಕಳೆದು ಫಟಫಟಿ ಮಂಡ್ಯದಿಂದ ವಾಪಸು ಬಂತು. ಹೊಗೆಯಿಲ್ಲ, ಕೆಮ್ಮಿಲ್ಲ. ಮಾವ ಮಳವಳ್ಳಿಗೆ ಹೋಗಿ ಬಂದವನೇ ಬೀದಿಯವರನ್ನು ನಿಲ್ಲಿಸಿ ಗಾಳಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ನಾರು ಒಣಗಿತ್ತು. ತಳದಲ್ಲಿ ಒಂದು ತೊಟ್ಟು ಇರಲಿಲ್ಲ. “ಎಣ್ಣೆ ಅದೇ, ಗಾಡಿ ಅದೇ. ಮನೇಲಿ ಒಬ್ಳು ಕಮ್ಮಿ ಆದ್ಲು ಅಷ್ಟೆ. ನೀರು ನಿಂತೋಯ್ತು ನೋಡಿ” ಅಂದ. ಬೀದಿಯವರು ತಲೆದೂಗಿದರು. ನನಗೂ ಒಂದು ಗಳಿಗೆ ತಲೆ ಕೆಟ್ಟಿತು. ಎಣ್ಣೆ ಕಾಸುತ್ತಿದ್ದವಳು ಈಗ ನಾನು. ಅಕ್ಕ ಕಾಸಿದ ಹಾಗೇ ಕಾಸುತ್ತಿದ್ದೆ. ಮತ್ತೆ ಇದು ಹೇಗೆ ಅಂತ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಆಮೇಲೆ ಅದೊಂದು ಆಟವಾಯಿತು. ಮಾವ ಪರವೂರಿಗೆ ಹೋಗಿ ಬಂದಾಗಲೆಲ್ಲ ಮಗುವನ್ನು ಗಾಡಿಯ ಟ್ಯಾಂಕಿನ ಮೇಲೆ ಕೂರಿಸಿ ಡಬ್ಬಿ ತೆಗೆಯುತ್ತಿದ್ದ. ಮಗು ಬೆರಳು ಒಳಗೆ ಇಟ್ಟು, ಹೆಬ್ಬೆರಳಿಗೆ ಉಜ್ಜಿ ನೋಡಬೇಕು.

“ಏನದೆ?”

“ಏನೂ ಇಲ್ಲ.”

“ಮೊದ್ಲೇನಿತ್ತು?”

“ನೀರು.”

“ಯಾರಾಕಿದ್ದು?”

“ಅವ್ವ.”

ಆಗ ಕೈ ಚಾಚಿದರೆ ಒಂದು ತುಂಡು ಬೆಲ್ಲ. ನೋಡಲು ನಿಂತವರು ನಗುತ್ತಿದ್ದರು. ಮಗುವಿನ ಮುದ್ದು ಮಾತಿಗೆ ನಗುತ್ತಿದ್ದೇವೆ ಅಂತ ಅಂದುಕೊಂಡಿದ್ದರೋ ಏನೋ. ನಾನು ಮಗುವನ್ನು ಒಳಗೆ ಕರೆದುಕೊಂಡು ಹೋಗಿ, “ಅಂಗನ್ಬ್ಯಾಡ ಕೂಸೇ, ಅವ್ವ ನೀರಾಕಿಲ್ಲ” ಅಂತ ಹೇಳಿಕೊಡುತ್ತಿದ್ದೆ. ಅದು ನನ್ನ ಕೈ ನೋಡುತ್ತಿತ್ತು. ನನ್ನ ಕೈಯಲ್ಲಿ ಬೆಲ್ಲ ಇರುತ್ತಿರಲಿಲ್ಲ, ಬೆಲ್ಲದ ಪೆಟ್ಟಿಗೆಯ ಬೀಗದ ಕೈ ಮಾವನ ಉಡುದಾರದಲ್ಲಿತ್ತು.

ಸಂಕ್ರಾಂತಿ ಕಳೆದ ಮೇಲೆ ಮಂಡ್ಯದ ಮೆಕ್ಯಾನಿಕ್ ಮನೆಗೆ ಬಂದ. ಗಂಡಸರು ಯಾರೂ ಇರಲಿಲ್ಲ. ಗಾಡಿಯಿಂದ ತೆಗೆದ ಹಳೆಯ ಸಾಮಾನನ್ನು ವಾಪಸು ಕೊಡಬೇಕು ಅನ್ನುವುದು ಮಾವನ ಕಟ್ಟಪ್ಪಣೆ. ಇಲ್ಲದಿದ್ದರೆ ಹೊಸದು ಹಾಕದೆ ಮೋಸ ಮಾಡಿಬಿಟ್ಟಾರು ಅನ್ನುವ ಅನುಮಾನ. ಮೆಕ್ಯಾನಿಕ್ ಗೋಣಿಚೀಲ ಬಿಚ್ಚಿ ಒಂದು ಪಿಸ್ಟನ್ನು ತೆಗೆದು ಜಗಲಿಯ ಮೇಲಿಟ್ಟ. ಮಾತಾಡಲು ಯಾರಾದರೂ ಸಿಕ್ಕರೆ ಸಾಕು ಅವನಿಗೆ.

“ನೋಡವ್ವ, ಈ ರಿಂಗ್ ಅವಲ್ಲ, ಇವು ಸಡ್ಲವಾಗಿ ಆಡ್ತಿರ್ಬೇಕು. ಬೆಲ್ಲದ ಪಾಕ ಉಯ್ದಂಗೆ ಎಂಗ್ ಅಂಟ್ಕಂಡವೆ ನೋಡು. ಅರಳೆಣ್ಣೆ ಒಂದೇ ಆದ್ರೆ ನಡೀತದೆ. ಪಟಾಲಮ್ಮಿನ ಎಣ್ಣೆ ಒಂದೇ ಆದ್ರೂ ನಡೀತದೆ. ಎಲ್ಡೂ ಕೂಡಿಸ್ಬುಟ್ರೆ ಇಂಗೇ ಗೋಂದಾಯ್ತದೆ. ರಿಂಗ್ ಅಂಟ್ಕಂಡ್ರೆ ಮೇಲಿನ ಬೆಂಕಿ ಸಂದೀಲಿ ನುಗ್ಗಿ ಕೆಳೀಕ್ ಬತ್ತದೆ. ಕೆಳಗಿರೋ ಎಣ್ಣೇನೆಲ್ಲ ದಬ್ಬುಕೊಂಡು ಗಾಳಿ ಡಬ್ಬೀಗ್ ತುಂಬ್ತದೆ.”

“ನೀರು?” ಅಂದೆ. “ಡಬ್ಬೀಲಿ ನೀರಿತ್ತಲ್ಲ, ಅದೆಲ್ಲಿಂದ ಬಂತು?”

“ಬೆಂಕಿ ಉಸ್ರಲ್ಲೇ ನೀರಿರ್ತದೆ ಕಣವ್ವ. ಅನ್ನದ ಮಡಕೆ ಮುಚ್ಚಳ ತೆಗುದ್ರೆ ಬೆವರಿರಾಕಿಲ್ವಾ, ಅಂಗೇ. ಚಳಿಗಾಲ, ತಗಡು ತಣ್ಣಗಿರ್ತದೆ, ಅಲ್ಲಿ ಬಂದು ನಿಂತ್ಕತದೆ.”

ನಾನು ಆ ಪಿಸ್ಟನ್ನನ್ನು ಕೈಗೆತ್ತಿಕೊಂಡೆ. “ಇದನ್ನ ನಮ್ ಮಾವಂಗೆ ಯಾವಾಗ ಯೋಳ್ದೆ?”

“ಗಾಡಿ ತಂದ ದಿನಾನೇ ಬಿಚ್ಚಿ ತೋರ್ಸಿದ್ನಲ್ಲ. ನಿಮ್ ಭಾವನೂ ಪಕ್ಕದಲ್ಲೇ ನಿಂತಿದ್ರು. ಎಲ್ಡ್ ಎಣ್ಣೆ ಯಾರ್ ಕೂಡಿಸಿದ್ದು ಅಂತ ಕೇಳ್ದೆ. ನಿಮ್ ಮಾವ, ಆ ಡಬ್ಬಿ ಬಿಚ್ಕೊಡ್ಲಾ ಅಂದ್ರು. ತೊಳೀಬ್ಯಾಡ, ಅಂಗೇ ಕೊಡು ಅಂದ್ರು.”

ಅಕ್ಕನ ವಿಷಯ ಹೇಳಿದೆ. ಬಂದು ಬೀದಿಯವರ ಮುಂದೆ ಈ ಮಾತನ್ನೇ ಹೇಳು ಅಂತ ಕೇಳಿಕೊಂಡೆ. ಅಷ್ಟು ಮಾತಾಡಿದವನು ತಟ್ಟನೆ ಗೋಣಿಚೀಲ ಮಡಚತೊಡಗಿದ. “ಅದು ನಿಮ್ ಮನೆ ಇಸ್ಯ. ನಮ್ಗ್ಯಾಕವ್ವ” ಅಂದ. ಎದ್ದು ಬಸ್ಸು ಸಿಗುವ ಕಡೆ ಹೊರಟುಹೋದ. ಆ ಬಾಯಿಬಡುಕ ಆಮೇಲೆ ಎಂದೂ ನನ್ನ ಎದುರು ಬಾಯಿ ಬಿಡಲಿಲ್ಲ.

ಸಂಜೆ ಗಂಡಸರು ಊಟಕ್ಕೆ ಕೂತರು. ಮಾವನ ತಟ್ಟೆಯಲ್ಲಿ ಮುದ್ದೆ ಇಡುವ ಜಾಗದಲ್ಲಿ ನಾನು ಆ ಪಿಸ್ಟನ್ನು ಇಟ್ಟೆ. ಮಾವ ಅದನ್ನು ಒಂದು ಗಳಿಗೆ ನೋಡಿದ. ಎತ್ತಿ ಪಕ್ಕಕ್ಕಿಟ್ಟ.

“ಮುದ್ದೆ ಇಕ್ಕು” ಅಂದ.

“ಅಕ್ಕನ್ನ ಕರುಸ್ತೀರೋ ಇಲ್ವೋ?”

“ನಂಗೊತ್ತಿಲ್ಲ ಅನ್ಕಂಡ್ಯಾ?” ಅವನ ದನಿ ಏರಲಿಲ್ಲ. “ಬಸ್ನಲ್ಲಿ ಅಷ್ಟ್ ಜನ ನಕ್ರಲ್ಲ, ಅವ್ರಿಗೆ ಏನಂತ ಯೋಳ್ಲಿ? ನನ್ ಕೈಯಾರೆ ಕೆಡಿಸ್ಕಂಡೆ ಅಂತ್ಲಾ? ನನ್ ಆಳುಗೋಳು ನನ್ ಮಾತ್ ಕೇಳ್ತಾರಾ ಆಮೇಲೆ? ಎಂಗ್ಸು ಕೆಡಿಸುದ್ಲು ಅಂದ್ರೆ ಎಲ್ರೂ ಒಪ್ತಾರೆ. ಒಪ್ಪುದ್ರು. ಮುಗೀತು. ಅವಳೋದ್ರೆ ಇನ್ನೊಬ್ಳು ಬತ್ತಾಳೆ.”

ನಾನು ಭಾವನ ಕಡೆ ತಿರುಗಿದೆ. “ನಿಮ್ಗೂ ಗೊತ್ತಿತ್ತು.”

ಭಾವ ಸಾರಿನಲ್ಲಿ ಬೆರಳಾಡಿಸುತ್ತ, “ಅಪ್ಪನ್ ಮಾತ್ ಮೀರಕ್ಕಾಯ್ತದಾ” ಅಂದ. ನಿಡಘಟ್ಟದ ಕಡೆಯಿಂದ ಅವನಿಗೆ ಇನ್ನೊಂದು ಹೆಣ್ಣು ನೋಡಿ ಬಂದಾಗಿತ್ತು ಅಂತ ನನಗೆ ಆಮೇಲೆ ತಿಳಿಯಿತು. ನನ್ನ ಗಂಡ ಮುದ್ದೆ ನುಂಗುತ್ತಲೇ ಇದ್ದ. ಮೂವರು ಗಂಡಸರೂ ಅವತ್ತು ಹೊಟ್ಟೆ ತುಂಬ ಉಂಡರು.

ಬೀದಿಯ ಹೆಂಗಸರಿಗೆ ಪಿಸ್ಟನ್ನು ತೋರಿಸಿದೆ. “ಈ ಕಬ್ಣ ನೋಡಿ ನಮ್ಗೇನ್ ತಿಳೀತದೆ ತಾಯಿ. ಬತ್ತಿ ಸಿಡಿದದ್ದು ಕಣ್ಣಾರೆ ಕಂಡಿದ್ದೀವಿ” ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಬತ್ತಿಯನ್ನು ನಂಬಬೇಕು ಅಂತ ನಮಗೆಲ್ಲ ಕಲಿಸಿದವರು ನಮ್ಮ ಅವ್ವಂದಿರೇ. ಮಾವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಮಾವನನ್ನು ಒಂದೇ ಒಂದು ಕೇಳಿದೆ. ಮಗುವನ್ನು ಒಂದು ದಿನದ ಮಟ್ಟಿಗೆ ಮಳವಳ್ಳಿಗೆ ಕರೆದುಕೊಂಡು ಹೋಗಿ ತಾಯಿಗೆ ತೋರಿಸಿಕೊಂಡು ಬರುತ್ತೇನೆ ಅಂತ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂತ ಗಟ್ಟಿಮನಸ್ಸು ಮಾಡಿಕೊಂಡೇ ಕೇಳಿದ್ದು.

“ಓಗ್ಬುಟ್ ಬಾ” ಅಂದ. “ಅವ್ವನ್ ಕೂಡೆ ಮಗೀನೂ ವಸಿ ಮಾತಾಡ್ಲಿ.” ಉಡುದಾರದ ಬೀಗದ ಕೈ ಬಿಚ್ಚಿ, ಪೆಟ್ಟಿಗೆ ತೆಗೆದು, ತಾನೇ ಒಂದು ಅಚ್ಚು ಬೆಲ್ಲ ಒಡೆದು ನನ್ನ ಕೈಗೆ ಕೊಟ್ಟ. “ಸೆರಗಲ್ಲಿ ಕಟ್ಕ. ಮಗು ಕೇಳ್ತದೆ.”

ಕಲ್ಲೂ ಕರಗಿತೇನೋ ಅಂತ ನಾನು ಅಂದುಕೊಂಡೆ. ದಾರಿಯುದ್ದಕ್ಕೂ ಹಾಗೇ ಅಂದುಕೊಂಡೇ ಹೋದೆ.

ಅಕ್ಕನ ತವರಿನಲ್ಲಿ ನಮ್ಮನ್ನು ನೋಡಿ ಎಲ್ಲರೂ ಅತ್ತರು. ಅಕ್ಕ ಅಳಲಿಲ್ಲ. ಅವಳು ಇಳಿದುಹೋಗಿದ್ದಳು, ಬಳೆ ಮೊಣಕೈಯವರೆಗೆ ಸರಿಯುತ್ತಿದ್ದವು. ಮಗು ಮೊದಲು ನನ್ನ ಸೀರೆಯ ಹಿಂದೆ ಅವಿತುಕೊಂಡಿತು. ಆಮೇಲೆ ಮೆಲ್ಲಗೆ ಅವಳ ಹತ್ತಿರ ಹೋಗಿ ಸೆರಗಿನ ತುದಿ ಹಿಡಿದುಕೊಂಡು ನಿಂತಿತು.

ನಾನು ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಎಲ್ಲ ಹೇಳಿದೆ, ಮೆಕ್ಯಾನಿಕ್ ಹೇಳಿದ್ದನ್ನೂ, ಭಾವ ಹೇಳಿದ್ದನ್ನೂ. ನಿಮ್ಮಪ್ಪನನ್ನು ಕಳಿಸಿ ನಾಲ್ಕು ಜನರನ್ನು ಸೇರಿಸು, ಇದನ್ನು ಮುಂದಿಟ್ಟು ನ್ಯಾಯ ಕೇಳು ಅಂದೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು.

“ಅವ್ರಿಗೆ ಗೊತ್ತಿದ್ದೇ ಕಳಿಸವ್ರೆ ಅಂದ್ಮೇಲೆ, ಗೊತ್ತು ಮಾಡ್ಕೊಟ್ಟು ಏನ್ ಬಂತು” ಅಂದಳು. “ಊರೋರು ಕಳ್ಳಿ ಅನ್ಲಿ ಬುಡು. ನಾನ್ ಅಂಥೋಳಲ್ಲ ಅಂತ ಈ ಮಗೀಗೊಂದು ಗೊತ್ತಿದ್ರೆ ಸಾಕು ನಂಗೆ.”

ಪಿಸ್ಟನ್ನನ್ನು ಒಲೆಯ ಪಕ್ಕ ಇಟ್ಟು ಅವಳು ಮಗುವಿಗೆ ಎಣ್ಣೆನೀರು ಹಾಕಲು ಎದ್ದಳು. ಅಷ್ಟು ದಿನದಿಂದ ಮಗುವಿಗೆಂದೇ ಸ್ವಲ್ಪ ಸ್ವಲ್ಪ ಕೂಡಿಸಿಟ್ಟ ಹರಳೆಣ್ಣೆ. ಬಟ್ಟಲಲ್ಲಿ ಬೆಚ್ಚಗೆ ಮಾಡಿ ತಂದು, ಹಿತ್ತಲಿನ ಬಿಸಿಲಲ್ಲಿ ಮಣೆ ಹಾಕಿ ಮಗುವನ್ನು ಕೂರಿಸಿದಳು. ನಾನು ಅಲ್ಲೇ ಬಾಗಿಲಲ್ಲಿ ಕೂತೆ. ಅಕ್ಕ ಮುಖ ತಗ್ಗಿಸಿ, ಬಟ್ಟಲನ್ನು ಮಗುವಿನ ಮುಂದೆ ಹಿಡಿದು, ಮಕ್ಕಳನ್ನು ಮಾತಾಡಿಸುವ ರಾಗದಲ್ಲಿ ಕೇಳಿದಳು.

“ಇದ್ರಲ್ ಏನದೆ ಯೋಳು ನನ್ ಕಂದ?”

ಮಗು ಬಟ್ಟಲಿಗೆ ಬೆರಳು ಅದ್ದಿತು. ಹೆಬ್ಬೆರಳಿಗೆ ಉಜ್ಜಿ ನೋಡಿತು. ನನಗೆ ಆಗ ಹೊಳೆಯಿತು, ಎದ್ದು ಓಡಿದೆ. ಅಷ್ಟರಲ್ಲಿ ತಡವಾಗಿತ್ತು.

“ಏನೂ ಇಲ್ಲ” ಅಂದಿತು ಮಗು. ಮುಂದಿನ ಪ್ರಶ್ನೆಗಳಿಗೂ ಕಾಯಲಿಲ್ಲ. “ಮೊದ್ಲು ನೀರಿತ್ತು. ಅವ್ವ ಆಕಿದ್ದು.”

ಹೇಳಿ, ಅಕ್ಕನ ಮುಖ ನೋಡಿ ನಕ್ಕು, ಎಣ್ಣೆಯ ಕೈಯನ್ನು ಚಾಚಿತು.

ಅಕ್ಕ ಆ ಕೈಯನ್ನೇ ನೋಡುತ್ತಿದ್ದಳು. “ಏನ್ ಕೇಳ್ತಾ ಅದೆ ಇದು?” ಅಂದಳು ನನಗೆ.

ನಾನು ಸೆರಗಿನ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದೆ. ಅವಳ ಕಣ್ಣು ಆ ಗಂಟಿನ ಮೇಲೆ ಬಿತ್ತು. ಎದ್ದು ಬಂದು, ನನ್ನ ಬೆರಳುಗಳನ್ನು ಬಿಡಿಸಿ, ಗಂಟು ಬಿಚ್ಚಿದಳು. ಬೆಲ್ಲವನ್ನು ನೋಡಿದಳು. ನಮ್ಮ ಮನೆಯ ಬೆಲ್ಲದ ಪೆಟ್ಟಿಗೆಯ ಬೀಗದ ಕೈ ಯಾರ ಉಡುದಾರದಲ್ಲಿರುತ್ತದೆ ಅಂತ ಅವಳಿಗೂ ಗೊತ್ತಿತ್ತು. ಅವಳಿಗೆ ಎಲ್ಲ ಅರ್ಥವಾಯಿತು ಅಂತ ನನಗೆ ಗೊತ್ತಾಯಿತು.

ಅದರಲ್ಲೊಂದು ತುಂಡು ಮುರಿದು ಅವಳೇ ಮಗುವಿನ ಕೈಗೆ ಕೊಟ್ಟಳು. ಮಗು ತಿನ್ನುತ್ತ ಕೂತಿತು. ಅಕ್ಕ ಅದರ ಹಿಂದೆ ಕೂತು ನೆತ್ತಿಗೆ ಎಣ್ಣೆ ಒತ್ತತೊಡಗಿದಳು.